ಎಡಗಡೆ ರಾಜ, ಬಲಗಡೆ ಜನರಲ್

ನನಗೆ ರಾಜರೆಂದರೆ ಅಷ್ಟಕ್ಕಷ್ಟೇ. ಮೂವತ್ತೊಂದು ವರ್ಷ ಅವರ ಬಡಾಯಿ ಓದಿಯೇ ಹೊಟ್ಟೆ ಹೊರೆದವಳು ನಾನು. ಮ್ಯೂಸಿಯಂ ಹಿಂಭಾಗದಲ್ಲಿ, ಗೋದಾಮಿಗೂ ಕಕ್ಕಸಿಗೂ ನಡುವೆ ಒಂದು ಉದ್ದದ ಕೋಣೆಯಿದೆ. ಅಲ್ಲಿ ಕೂತು ಶಾಸನಗಳ ಪಡಿಯಚ್ಚು ತೆಗೆಯುವುದು, ಓದುವುದು, ಓದಿದ್ದನ್ನು ಬರೆದಿಡುವುದು ನನ್ನ ಕೆಲಸ. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಶ್ಶಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಯೊಳಕ್ಕೆ ಕಾಗದ ಇಳಿಸಿ, ಮೇಲೆ ಮಸಿ ಒತ್ತಬೇಕು. ಕೆತ್ತಿದ್ದು ಬೆಳ್ಳಗೆ ಉಳಿಯುತ್ತದೆ, ಮಿಕ್ಕಿದ್ದೆಲ್ಲ ಕಪ್ಪಾಗುತ್ತದೆ. ಕಪ್ಪಾಗುವುದರಲ್ಲಿ ನನ್ನ ಉಗುರೂ ಸೇರಿತು. ಅದನ್ನು ತಿಕ್ಕುವ ಹುಚ್ಚು ಬಿಟ್ಟು ಬಹಳ ವರ್ಷವಾಯಿತು.

ನಮ್ಮ ದೊಡ್ಡ ಹಾಲಿನಲ್ಲಿ ನಿಂತಿರುವ ಕಲ್ಲು ಸಾವಿರ ವರ್ಷ ಹಿಂದಿನ ಒಬ್ಬ ರಾಜನದು. ಎರಡಾಳೆತ್ತರ, ಅರವತ್ತೆರಡು ಸಾಲು. ಅದರಲ್ಲಿ ನಲವತ್ತೆಂಟು ಸಾಲು ಬರೀ ಹೊಗಳಿಕೆ. ಇವನ ಆನೆ ನಡೆದರೆ ಧೂಳೆದ್ದು ಹಗಲು ಕತ್ತಲಾಗುತ್ತಿತ್ತಂತೆ. ಇವನ ಹೆಸರು ಕೇಳಿದರೆ ಸಾಕು, ಶತ್ರುಗಳ ಹೆಂಡಂದಿರು ತಲೆ ಬಾಚುವುದನ್ನೇ ಬಿಡುತ್ತಿದ್ದರಂತೆ. ಆ ಶತ್ರುಗಳು ಯಾರಪ್ಪಾ ಎಂದು ನೋಡಿದರೆ ಒಬ್ಬ ಸೋದರಮಾವ, ಇಬ್ಬರು ಭಾವಮೈದುನರು. ಮನೆಜಗಳವನ್ನು ದಿಗ್ವಿಜಯ ಎಂದು ಕೆತ್ತಿಸಿಕೊಂಡಿದ್ದಾನೆ ಪುಣ್ಯಾತ್ಮ.

ನನಗೆ ಕೆಲಸ ಕಲಿಸಿದ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು: "ಹೊಗಳಿಕೆ ಓದಿ ನಕ್ಕು ಸುಮ್ನಾಗು. ಆದ್ರೆ ಅಂಕಿ ಬಂತು, ವರ್ಷ ಬಂತು, ಊರ ಹೆಸರು ಬಂತು ಅಂದ್ರೆ ಪೆನ್ಸಿಲ್ ತಗೋ. ಅದು ನಿಜ." ನಮ್ಮ ಕಸುಬಿನಲ್ಲಿ ಎಲ್ಲರೂ ನಂಬುವ ಮಾತು ಇದು. ಬಿರುದನ್ನು ಯಾರು ಬೇಕಾದರೂ ಹೊಸೆಯಬಹುದು, ಲೆಕ್ಕ ಹೊಸೆಯುವುದು ಕಷ್ಟ. ಆ ಕಲ್ಲಿನ ಐವತ್ತೇಳನೆಯ ಸಾಲು ಬಂದಾಗ ನಾನು ಪೆನ್ಸಿಲ್ ತೆಗೆದುಕೊಂಡಿದ್ದೆ. ಪಟ್ಟಕ್ಕೆ ಬಂದ ಹನ್ನೆರಡನೆಯ ವರ್ಷ ರಾಜ ತನ್ನ ಊರಿನ ಸೆರೆಮನೆಯ ಬಾಗಿಲು ತೆಗೆಸಿ, ಒಳಗಿದ್ದ ನಾನೂರ ಹನ್ನೆರಡು ಜನಕ್ಕೆ ತಲೆಗೊಂದು ಬಟ್ಟೆ ಕೊಟ್ಟು ಮನೆಗೆ ಕಳಿಸಿದ ಎಂದು ಅಲ್ಲಿದೆ. ನಾನೂರಲ್ಲ, ನಾನೂರ ಹತ್ತಲ್ಲ, ನಾನೂರ ಹನ್ನೆರಡು. ಅದೊಂದು ಸಾಲಿಗಾಗಿ ನಾನು ಆ ಮನುಷ್ಯನ ಮಿಕ್ಕ ಜಂಬವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದೆ.

ಇನ್ನು ನಮ್ಮ ಜನರಲ್ ಸಾಹೇಬರ ವಿಷಯ. ಒಂಬತ್ತು ವರ್ಷದ ಹಿಂದೆ ಒಂದು ಬೆಳಗ್ಗೆ ಅವರು ರೇಡಿಯೋ ಸ್ಟೇಷನ್ನಿಗೆ ಮುತ್ತಿಗೆ ಹಾಕಿ ಗೆದ್ದರು, ಅಲ್ಲಿಗೆ ದೇಶ ಅವರ ಕೈಗೆ ಬಂತು. ಎದುರಾಳಿ ಪಡೆಯಲ್ಲಿ ಇದ್ದವರು ಆರು ಜನ ಉದ್ಘೋಷಕರು ಮತ್ತು ಒಬ್ಬ ಚಹಾದವನು. ಅವರ ಜೀವಮಾನದ ಒಂದೇ ಯುದ್ಧ ಅದು. ಆಮೇಲೆ ಅವರ ಎದೆಯ ಮೇಲೆ ಪದಕಗಳು ಬೆಳೆಯತೊಡಗಿದವು, ಒಂದರ ಪಕ್ಕ ಒಂದು, ಒಂದರ ಕೆಳಗೊಂದು.

ಆ ಪದಕಗಳನ್ನು ಕೋಟಿಗೆ ಹೊಲಿಯುತ್ತಿದ್ದವನು ನನ್ನ ತಮ್ಮ. ಸೈನ್ಯದ ಹೊಲಿಗೆ ವಿಭಾಗದಲ್ಲಿ ದರ್ಜಿ. ಕೈ ಚಿನ್ನ, ಬಾಯಿಗೆ ಮಾತ್ರ ಬೀಗವಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ, "ಎದೆ ಭರ್ತಿಯಾಯ್ತು ಕಣ್ರೋ, ಮುಂದಿನ ಪದಕ ಬೆನ್ನಿಗೇ ಹೊಲೀಬೇಕು" ಅಂದ. ಎಲ್ಲರೂ ನಕ್ಕರು. ನಕ್ಕವರಲ್ಲಿ ಯಾರೋ ಒಬ್ಬ ಎದ್ದು ಹೋಗಿ ಚಾಡಿ ಹೇಳಿದ. ಸಂಜೆ ಜೀಪು ಬಂತು. ಅದಾಗಿ ಹದಿನಾಲ್ಕು ತಿಂಗಳು. ವಿಚಾರಣೆಯೂ ಇಲ್ಲ, ಶಿಕ್ಷೆಯೂ ಇಲ್ಲ, ಇಂಥ ದಿನ ಬಿಡುತ್ತೇವೆ ಎಂಬ ಮಾತೂ ಇಲ್ಲ. ಭಾನುವಾರ ಭಾನುವಾರ ಹತ್ತು ನಿಮಿಷ, ಜಾಲರಿಯ ಆಚೆಗೆ ಅವನು, ಈಚೆಗೆ ನಾನು ಮತ್ತು ಅವನ ಹೆಂಡತಿ. ಒಂದು ಡಬ್ಬಿ ಊಟ ಒಳಗೆ ಕೊಡಲು ಬಿಡುತ್ತಿದ್ದರು. ಅವನು ಇಳಿದುಹೋಗಿದ್ದ. ಕಳೆದ ಚಳಿಗಾಲದಿಂದ ಒಂದು ಕೆಮ್ಮು ಬೇರೆ ಹಿಡಿದಿತ್ತು. ಗಂಟಲಲ್ಲಿ ಎರಡು ಸಲ ಕೆಮ್ಮದೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಹೀಗೇ ಇನ್ನೊಂದು ಚಳಿಗಾಲ ಅವನು ತಡೆಯುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಹೀಗಿರುವಾಗ ನನ್ನ ಕೋಣೆಗೆ ಇಸ್ತ್ರಿ ಮೇಜರ್ ಬಂದ. ಪ್ರಚಾರ ವಿಭಾಗದವನು. ಪ್ಯಾಂಟಿನ ಗೆರೆ ಕೆಡುತ್ತದೆ ಎಂದು ಕೂರದವನು, ಅದಕ್ಕೇ ನಾವು ಇಟ್ಟ ಹೆಸರು. ಹಿಂದೆಯೇ ನಮ್ಮ ನಿರ್ದೇಶಕರು ಕೈಕಟ್ಟಿಕೊಂಡು ಬಂದರು.

"ನೋಡಿ ಮೇಡಂ," ಅಂದ ಮೇಜರ್, "ಸಾಹೇಬರು ಪಟ್ಟಕ್ಕೆ ಬಂದ ಅಧಿಕಾರ ದಿನಕ್ಕೆ ಹಾಲಿನಲ್ಲಿ ಒಂದು ದೊಡ್ಡ ಫಲಕ ಬರಬೇಕು. ಎಡಗಡೆ ನಿಮ್ಮ ರಾಜ, ಬಲಗಡೆ ನಮ್ಮ ಸಾಹೇಬರು. ಇವರು ಏನೇನು ಮಾಡಿದ್ರು, ಅವರು ಏನೇನು ಮಾಡಿದ್ರು, ಸಾಲಿಗೆ ಸಾಲು ಹೋಲಿಕೆ. ಪ್ರತಿ ಸಾಲಲ್ಲೂ ಸಾಹೇಬರದು ಒಂದು ಕೈ ಮೇಲಿರಬೇಕು, ಅಷ್ಟೇ."

"ಇಲ್ದಿದ್ರೆ?"

"ಇಲ್ದಿದ್ರೆ ಆ ಸಾಲೇ ಬೇಡ," ಅಂದ, ತೀರಾ ಸಹಜವಾಗಿ.

ಕೆಲಸ ಶುರುವಾಯಿತು. ಎಡಗಡೆ ತುಂಬುವುದು ನನ್ನ ಪಾಲು, ಕಲ್ಲಿನಲ್ಲಿದ್ದದ್ದನ್ನು ಇಳಿಸಿದರಾಯಿತು. ಬಲಗಡೆಯದೇ ಪಜೀತಿ. ರಾಜನ ಬಿರುದು ಇಪ್ಪತ್ನಾಲ್ಕು. ಸಾಹೇಬರಿಗೆ ಹತ್ತೊಂಬತ್ತಿತ್ತು, ಮೇಜರ್ ನನ್ನ ಮೇಜಿಗೆ ಒರಗಿ ನಿಂತೇ ಇನ್ನಾರು ಸೇರಿಸಿದ. ಅದರಲ್ಲಿ "ಸೇತುವೆಗಳ ತಂದೆ" ಎನ್ನುವುದೂ ಒಂದು. ರಾಜ ಆಳಿದ್ದು ಮೂವತ್ಮೂರು ವರ್ಷ, ಸಾಹೇಬರದು ಇನ್ನೂ ಒಂಬತ್ತು. ಇಲ್ಲಿ ಸಿಕ್ಕಿಬೀಳುತ್ತಾನೆ ಎಂದುಕೊಂಡೆ. ಅವನು ಸೀಲಿಂಗ್ ನೋಡುತ್ತಾ ಒಂದು ಗಳಿಗೆ ಯೋಚಿಸಿ, "ಸಾಹೇಬರು ಹಗಲೂ ದುಡೀತಾರೆ, ರಾತ್ರೀನೂ ದುಡೀತಾರೆ, ಅಲ್ಲಿಗೆ ಹದಿನೆಂಟಾಯ್ತು. ಸೈನ್ಯದಲ್ಲಿ ಹದಿನಾರು ವರ್ಷ ಆಳುಗಳನ್ನ ಆಳಿದ್ದಾರೆ, ಅದು ಆಳ್ವಿಕೆ ಅಲ್ವಾ? ಒಟ್ಟು ಮೂವತ್ನಾಲ್ಕು" ಅಂದ. ನಾನು ಬರೆದುಕೊಂಡೆ. ನಗು ತಡೆಯಲು ನಾಲಿಗೆ ಕಚ್ಚಿಕೊಂಡೆ.

ಕೆರೆಯ ಸಾಲಿನಲ್ಲಿ ಇನ್ನೊಂದು ವಿದ್ಯೆ ಕಲಿತೆ. ರಾಜನದು ಮೂವತ್ತೆಂಟು ಕೆರೆ. ಅದರಲ್ಲಿ ಎಷ್ಟೋ ಅವರಪ್ಪ ಕಟ್ಟಿಸಿದ್ದು, ಇರಲಿ. ಸಾಹೇಬರದು ನೆಟ್ಟಗೆ ಎಣಿಸಿದರೆ ಮೂರು. ನಾನು ಬಲಗಡೆ ಖಾಲಿ ಬಿಟ್ಟು "ಮೇಲಿನ ಕಚೇರಿ ತುಂಬುವುದು" ಎಂದು ಬರೆದೆ. ನಿರ್ದೇಶಕರು ಮೂವತ್ತೊಂಬತ್ತು ಎಂದು ಹಾಕಿದರು. ಮೇಜರ್ ಐವತ್ತು ಮಾಡಿದ. ಅವನ ಮೇಲಿನ ಕರ್ನಲ್ ಅರವತ್ತೊಂದು ಮಾಡಿದ. ಸಚಿವಾಲಯದಿಂದ ವಾಪಸು ಬಂದಾಗ ಎಪ್ಪತ್ತಾರಾಗಿತ್ತು. ಕಡಿಮೆ ಸಂಖ್ಯೆ ಕಳಿಸಿದವನು ಎಂಬ ಹೆಸರು ಯಾವ ಕುರ್ಚಿಗೂ ಬೇಡ. ಹಾಗಾಗಿ ಕಾಗದ ಒಂದು ಮೇಜು ಹತ್ತಿದಂತೆ ಅಂಕಿಯೂ ಒಂದು ಮೆಟ್ಟಿಲು ಹತ್ತುತ್ತಿತ್ತು. ಪೊಲೀಸ್ ವಸತಿಗೃಹದ ನೀರಿನ ತೊಟ್ಟಿ, ವಿಮಾನ ನಿಲ್ದಾಣದ ಕಾರಂಜಿ, ಎಲ್ಲ ಕೆರೆಯಾದವು.

ಎಪ್ಪತ್ತಾರು ಎಂದು ಓದಿ ನಾನು ಕೋಣೆಯಲ್ಲಿ ಒಬ್ಬಳೇ ಗಹಗಹಿಸಿ ನಕ್ಕೆ. ನಗುನಗುತ್ತಲೇ ಐವತ್ತೇಳನೆಯ ಸಾಲು ತಲೆಗೆ ಬಂತು. ನಗು ಅಲ್ಲಿಗೇ ನಿಂತಿತು.

ಆ ಸಾಲನ್ನು ನಾನು ಪಟ್ಟಿಯಲ್ಲಿ ಹಾಕಿಯೇ ಇರಲಿಲ್ಲ. ಜನರನ್ನು ಒಳಗೆ ಹಾಕುವುದರಲ್ಲಿ ಸಾಹೇಬರು ಯಾವ ರಾಜನಿಗೂ ಕಮ್ಮಿಯಲ್ಲ, ಹೊರಗೆ ಬಿಟ್ಟ ಲೆಕ್ಕ ಮಾತ್ರ ಸೊನ್ನೆ. ಆದರೆ ಈ ಕಾಗದ ಮೆಟ್ಟಿಲು ಹತ್ತಿದರೆ? ರಾಜ ನಾನೂರ ಹನ್ನೆರಡು ಜನರನ್ನು ಬಿಟ್ಟಿದ್ದರೆ ಸಾಹೇಬರು ನಾನೂರ ಹದಿಮೂರಾದರೂ ಬಿಡಲೇಬೇಕಲ್ಲ. ಕೆರೆ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ, ಆದರೆ ಮನುಷ್ಯ ಮನೆಗೆ ಬರದಿದ್ದರೆ ಮನೆಯವರು ಬಾಗಿಲಿಗೆ ಬಂದು ಕೇಳುತ್ತಾರೆ. ತಲೆಯ ಲೆಕ್ಕದಲ್ಲಿ ಸುಳ್ಳು ಹೇಳುವುದು ಹೇಗೆ ಸಾಧ್ಯ? ಅಂಕಿಯ ಮೇಲಿನ ನನ್ನ ಕಸುಬಿನ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ದುಂಡಗೆ ಬರೆದೆ. ಸೆರೆಯಿಂದ ಬಿಡುಗಡೆ: ರಾಜ, ನಾನೂರ ಹನ್ನೆರಡು. ಬಲಗಡೆ, ಮೇಲಿನ ಕಚೇರಿ ತುಂಬುವುದು.

ಮೇಜರ್ ಆ ಸಾಲಿನ ಮೇಲೆ ಬೆರಳಿಟ್ಟ.

"ಇದು ನಿಜವಾಗ್ಲೂ ಕಲ್ಲಲ್ಲಿ ಇದೆಯಾ?"

"ಬನ್ನಿ ಸಾರ್, ತೋರಿಸ್ತೀನಿ. ಐವತ್ತೇಳನೇ ಸಾಲು. ಇದನ್ನ ಬಿಟ್ರೆ ನಾಳೆ ಯಾರಾದ್ರೂ ಶಾಸನ ಓದೋಕೆ ಬರೋನು ಬಂದು, ದಯೆ ವಿಚಾರದಲ್ಲಿ ರಾಜನೇ ಮೇಲು ಅಂದ್ಬಿಟ್ರೆ?"

ಅವನ ಮುಖದ ಇಸ್ತ್ರಿ ಸ್ವಲ್ಪ ಸುಕ್ಕಾಯಿತು. "ಹಾಗನ್ನಬಾರದು," ಅಂದ. "ಒಳ್ಳೇ ಸಾಲು ಮೇಡಂ. ಸಾಹೇಬರ ಹೃದಯ ಎಂಥಾದ್ದು ಅಂತ ಜನಕ್ಕೂ ಗೊತ್ತಾಗ್ಬೇಕು. ಇದನ್ನ ಖಂಡಿತ ಮಾಡೋಣ."

"ಮಾಡೋಣ" ಎಂದನಲ್ಲ, ಆ ಒಂದು ಮಾತು ಹಿಡಿದುಕೊಂಡು ನಾನು ಎರಡು ವಾರ ಬದುಕಿದೆ. ಕಾಗದ ಹೋಯಿತು, ಬಂತು. ನಿರ್ದೇಶಕರು ಐನೂರು ಬರೆದಿದ್ದರು. ಮೇಜರ್ ಒಂಬೈನೂರು. ಕರ್ನಲ್ ಸಾವಿರದ ಇನ್ನೂರು. ಸಚಿವಾಲಯದ ಹಸಿರು ಶಾಯಿಯಲ್ಲಿ ಎರಡು ಸಾವಿರ, ತಲೆಗೆರಡು ಬಟ್ಟೆ.

ಆ ಸಂಜೆ ತಮ್ಮನ ಮನೆಗೆ ಹೋದೆ ಅನ್ನುವುದಕ್ಕಿಂತ ಓಡಿದೆ ಅನ್ನಬೇಕು. ಅವನ ಹೆಂಡತಿ ಅವನದೇ ಹೊಲಿಗೆ ಮಿಷನ್ನಿನ ಮುಂದೆ ಕೂತು ಯಾರದೋ ದಿಂಬಿನ ಚೀಲ ಹೊಲಿಯುತ್ತಿದ್ದಳು. ವಿಷಯ ಹೇಳಿದೆ. ಅವಳು ಪೆಡಲ್ ನಿಲ್ಲಿಸಿದಳು.

"ಎರಡು ಸಾವಿರಾನಾ? ಅತ್ತಿಗೆ, ಆ ಜೈಲಲ್ಲಿ ಇರೋರೇ ಒಂಬೈನೂರು."

"ಅದಕ್ಕೇ ಹೇಳ್ತಿರೋದು! ಎಲ್ಲರನ್ನೂ ಬಿಟ್ರೂ ಇನ್ನೂ ಸಾವಿರದ ನೂರು ಜನ ಕಮ್ಮಿ ಬೀಳ್ತಾರೆ. ಹೊರಗಿಂದ ಹಿಡ್ಕೊಂಡ್ ಹೋಗಿ ಬಿಡ್ಬೇಕು ಅವರು!"

ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹದಿನಾಲ್ಕು ತಿಂಗಳಲ್ಲಿ ಆ ಮನೆಯಲ್ಲಿ ನಗು ಕೇಳಿಸಿದ್ದು ಅದೇ ಮೊದಲು. ಆಮೇಲೆ ಅವಳು ನಗುತ್ತಲೇ ಅತ್ತಳು, ಸೆರಗಿನಲ್ಲಿ ಮೂಗೊರೆಸಿಕೊಂಡಳು, ಕಪಾಟಿನಿಂದ ಅವನ ಅಂಗಿಗಳನ್ನು ತೆಗೆದು ಮಂಚದ ಮೇಲೆ ಹರಡಿದಳು. ಸೊರಗಿದ್ದಾರೆ, ಇದೆಲ್ಲ ದೊಗಳೆಯಾಗುತ್ತದೆ ಎಂದು ಎರಡು ಅಂಗಿ ಆರಿಸಿ ಪಕ್ಕ ಬಿಚ್ಚಿ ಕಿರಿದು ಮಾಡಲು ಕೂತಳು. ದರ್ಜಿಯ ಹೆಂಡತಿ, ಕಣ್ಣಳತೆಯಲ್ಲೇ ಕತ್ತರಿ ಆಡಿಸಿದಳು. ನಾನು ಪಕ್ಕದಲ್ಲಿ ಕೂತು ನೂಲು ಪೋಣಿಸಿಕೊಟ್ಟೆ. ನನ್ನ ಜಾಣತನದ ಬಗ್ಗೆ ನನಗೇ ಹೆಮ್ಮೆ ಉಕ್ಕುತ್ತಿತ್ತು. ಒಂದಿಡೀ ಸರ್ಕಾರಕ್ಕೆ ಚಳ್ಳೆಹಣ್ಣು ತಿನ್ನಿಸಿದೆ ಎಂದುಕೊಂಡಿದ್ದೆ, ಎಂಥ ಮಂಕುದಿಣ್ಣೆ ನಾನು.

ಅಧಿಕಾರ ದಿನ ಬಂತು. ಫಲಕ ಗೋಡೆಯುದ್ದ, ಚಿನ್ನದ ಬಣ್ಣದ ಅಕ್ಷರ. ಜನರಲ್ ಸಾಹೇಬರು ಬಂದರು. ಪದಕಗಳ ಮಧ್ಯೆ ಕೋಟು ಅಲ್ಲಲ್ಲಿ ಕಾಣುತ್ತಿತ್ತು. ಗಿಡ್ಡ ಮನುಷ್ಯ, ಕಲ್ಲಿನ ಮುಂದೆ ನಿಂತಾಗ ಮೂವತ್ತೈದನೆಯ ಸಾಲಿಗೆ ಬರುತ್ತಿದ್ದರು, ಹಾಗಾಗಿ ಛಾಯಾಗ್ರಾಹಕನಿಗೆ ನೆಲದ ಮೇಲೆ ಮಲಗಿ ಫೋಟೋ ತೆಗೆಯಬೇಕೆಂದು ಮೊದಲೇ ಅಪ್ಪಣೆಯಾಗಿತ್ತು. ಕನ್ನಡಕ ಹಾಕಿಕೊಂಡು ಅವರು ಬಲಗಡೆಯ ಸಾಲುಗಳನ್ನು ಒಂದೊಂದಾಗಿ ಓದಿದರು. ಎಡಗಡೆಗೆ ಕಣ್ಣು ಹೋದದ್ದು ಅಂಕಿ ಸಣ್ಣದಿದೆಯೇ ಎಂದು ನೋಡಲು ಮಾತ್ರ. ಸೆರೆಯ ಸಾಲಿಗೆ ಬಂದಾಗ ನಿಂತರು.

"ಎರಡು ಸಾವಿರ ಜನ," ಅಂದರು ಮೆಲ್ಲಗೆ. "ನನಗೆ ಮರೆತೇ ಹೋಗಿತ್ತು ನೋಡಿ."

ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ದೇವರಾಣೆಗೂ ಒರೆಸಿಕೊಂಡರು. ತಾನು ಮಾಡದ ಉಪಕಾರ ನೆನೆದು ಕಣ್ಣೀರು ಹಾಕಿದ ಮನುಷ್ಯನನ್ನು ನಾನು ಅದೇ ಮೊದಲು ಕಂಡದ್ದು. ಸುತ್ತ ನಿಂತ ಕರ್ನಲ್ಲುಗಳೂ ತಕ್ಷಣ ಕರ್ಚೀಫು ತೆಗೆದರು. ಆ ರಾಜನಿಗೂ ಇಂಥ ಪಟಾಲಮ್ಮು ಇದ್ದಿರಬೇಕು, ಆನೆಯ ಧೂಳಿನಿಂದ ಹಗಲು ಕತ್ತಲಾದದ್ದನ್ನು ಕಂಡವರು.

ಸಾಹೇಬರು ಹೋದ ಮೇಲೆ ನಾನು ಮೇಜರನ ಹಿಂದೆ ಬಿದ್ದೆ. "ಸಾರ್, ಯಾವತ್ತು ಬಿಡ್ತೀರಿ? ಇವತ್ತೇನಾ?" ಅವನು ಜೀಪು ಹತ್ತುತ್ತಾ, "ಆಗುತ್ತೆ ಮೇಡಂ, ಆಗ್ಲೇ ಆರ್ಡರ್ ಹೋಗಿದೆ" ಅಂದ. ಆರ್ಡರ್ ಹೋಗಿದೆ ಎಂಬ ಮಾತು ಹೊತ್ತು ನಾನು ತಮ್ಮನ ಮನೆಗೆ ಹೋದೆ. ಅಂದು ಬಾಗಿಲು ತೆಗೆದೇ ಇಟ್ಟಿದ್ದೆವು. ಯಾರೂ ಬರಲಿಲ್ಲ. ಮರುದಿನವೂ ಇಲ್ಲ, ಅದರ ಮರುದಿನವೂ ಇಲ್ಲ. ಎರಡು ಸಾವಿರ ಜನರನ್ನು ಬಿಡಬೇಕಲ್ಲ, ಸರದಿ ಬರಬೇಡವೇ ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡೆವು. ಭಾನುವಾರ ಎಂದಿನಂತೆ ಡಬ್ಬಿ ಕಟ್ಟಿಕೊಂಡು, ಕಿರಿದು ಮಾಡಿದ ಒಂದು ಅಂಗಿಯನ್ನೂ ಚೀಲಕ್ಕೆ ಹಾಕಿಕೊಂಡು ಜೈಲಿಗೆ ಹೋದೆವು.

ಗೇಟಿನಲ್ಲಿ ಪ್ರತಿ ವಾರ ಕಾಣುವ ಮೀಸೆ ಕಾವಲುಗಾರನೇ ಇದ್ದ. ಕೆಟ್ಟವನಲ್ಲ, ಹತ್ತು ನಿಮಿಷಕ್ಕೆ ಒಂದೆರಡು ನಿಮಿಷ ಸೇರಿಸಿ ಕೊಡುತ್ತಿದ್ದವನು. ಅವತ್ತು ನಮ್ಮನ್ನು ನೋಡಿದವನೇ ಮುಖ ತಿರುಗಿಸಿದ.

"ಭೇಟಿ ಇಲ್ಲಮ್ಮ."

"ಯಾಕಣ್ಣ? ಭಾನುವಾರ ಅಲ್ವಾ?"

"ಯಾರನ್ನ ಭೇಟಿ ಮಾಡ್ತೀರಿ? ಒಳಗೆ ಯಾರೂ ಇಲ್ಲ. ಎಲ್ಲರನ್ನೂ ಬಿಟ್ಟಾಯ್ತು."

ತಮ್ಮನ ಹೆಂಡತಿ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು. "ಮನೆಗೆ ಬಂದಿಲ್ವಲ್ಲಣ್ಣ ಅವರು," ಅಂದಳು.

ಅವನು ಕಿಟಕಿಯಿಂದ ರಿಜಿಸ್ಟರ್ ಎತ್ತಿ ನಮ್ಮ ಕಡೆ ತಿರುಗಿಸಿದ. ಕೈದಿಗಳ ಹೆಸರಿನ ಪುಟಕ್ಕೆಲ್ಲ ಮೂಲೆಯಿಂದ ಮೂಲೆಗೆ ಒಂದೊಂದು ಕೆಂಪು ಗೆರೆ. ತಮ್ಮನ ಹೆಸರಿನ ಮೇಲೂ ಹಾದಿತ್ತು. ಕೊನೆಯ ಪುಟಕ್ಕೆ ಸಚಿವಾಲಯದ ಹಾಳೆಯೊಂದನ್ನು ಅಂಟಿಸಿದ್ದರು. ಅಧಿಕಾರ ದಿನದಂದು ಎರಡು ಸಾವಿರ ಜನ ಬಿಡುಗಡೆ, ತಲೆಗೆರಡು ಬಟ್ಟೆ, ಇನ್ನು ಮುಂದೆ ಭೇಟಿ ಮತ್ತು ಹೊರಗಿನ ಊಟಕ್ಕೆ ಅವಕಾಶವಿಲ್ಲ, ಏಕೆಂದರೆ ಕೈದಿಗಳಿಲ್ಲ. ಕೆಳಗೆ ಅದೇ ಹಸಿರು ಶಾಯಿಯ ಸಹಿ. ಸಂಖ್ಯೆ ಇತ್ತು, ತಾರೀಖು ಇತ್ತು, ಊರ ಹೆಸರೂ ಇತ್ತು.

"ನಾನೇನ್ ಮಾಡ್ಲಮ್ಮ, ಕಾಗದದಲ್ಲಿ ಹಾಗಂತ ಇದೆ," ಅಂದ. ದನಿ ತಗ್ಗಿಸಿ ಬೈದ: "ಯಾರೋ ಮ್ಯೂಸಿಯಂನೋರು ಎಬ್ಬಿಸಿದ್ದಂತೆ ಈ ರಾಮಾಯಣ. ಅವರ ಕೈ ಸೇದ್ಹೋಗ."

ನಾನು ಮಸಿಯ ಉಗುರುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಹತ್ತು ನಿಮಿಷ ಇತ್ತಲ್ಲ ಅವಳಿಗೆ. ಒಂದು ಡಬ್ಬಿ ಇತ್ತು, ಜಾಲರಿಯ ಆಚೆ ಒಂದು ಮುಖ ಇತ್ತು. ಅಷ್ಟನ್ನೂ ನಾನೇ ದುಂಡಗೆ ಬರೆದು ಕಿತ್ತುಕೊಟ್ಟಿದ್ದೆ. ಸಾಹೇಬರನ್ನು ಬೈಯಲು ನನ್ನ ಹತ್ತಿರ ಸಾವಿರ ಮಾತಿದ್ದವು, ನನ್ನನ್ನು ಬೈದುಕೊಳ್ಳಲು ಒಂದೂ ಸಿಗಲಿಲ್ಲ.

ಅಷ್ಟರಲ್ಲಿ ಒಳಗೆ ಗಂಟೆ ಬಾರಿಸಿತು. ಗೋಡೆಯಾಚೆ ಹಾಜರಿ ಶುರುವಾಯಿತು. ಒಬ್ಬ ನಂಬರು ಕೂಗುತ್ತಿದ್ದ, ಗಂಡಸರ ದನಿಗಳು ಒಂದಾದ ಮೇಲೊಂದು "ಹಾಜರ್", "ಹಾಜರ್" ಎನ್ನುತ್ತಿದ್ದವು. ಮೀಸೆಯವನು ತನ್ನ ಬೂಟು ನೋಡಿಕೊಳ್ಳುತ್ತಾ ನಿಂತ.

"ಅದೇನಣ್ಣ ಸದ್ದು?" ಅಂದೆ.

"ಯಾವ ಸದ್ದು?" ಅಂದ, ತಲೆ ಎತ್ತದೆ.

ತಮ್ಮನ ಹೆಂಡತಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಗೋಡೆಯ ಹತ್ತಿರ ಹೋದಳು, ಕಲ್ಲಿಗೆ ಕಿವಿ ಹಚ್ಚಿ ನಿಂತಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ನೂರಾಯಿತು, ಇನ್ನೂರಾಯಿತು. ಬಿಸಿಲು ಏರಿತು. ಮುನ್ನೂರ ಎಷ್ಟನೆಯದೋ ನಂಬರಿಗೆ ಮೊದಲು ಎರಡು ಸಲ ಕೆಮ್ಮು, ಆಮೇಲೆ ಸಣ್ಣಗೆ, "ಹಾಜರ್."

ಅವಳು ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು. ಹಾಜರಿ ಮುಂದಿನ ನಂಬರಿಗೆ ಹೋದ ಮೇಲೆ, ಕಿವಿಯನ್ನು ಗೋಡೆಯಿಂದ ತೆಗೆಯದೆಯೇ ಕೇಳಿದಳು:

"ಅತ್ತಿಗೆ, ಆ ನಿಮ್ಮ ರಾಜ... ಅವನಾದ್ರೂ ನಿಜವಾಗ್ಲೂ ಬಿಟ್ಟಿದ್ನಾ?"

ಕಲ್ಲಿನಲ್ಲಿ ಹಾಗಂತ ಇದೆ ಕಣೇ ಎನ್ನಲು ಬಾಯಿ ತೆರೆದೆ. ಕಾಗದದಲ್ಲಿ ಹಾಗಂತ ಇದೆ ಎಂದಿದ್ದ ಮೀಸೆಯವನು ನಮ್ಮನ್ನೇ ನೋಡುತ್ತಿದ್ದ. ನಾನು ಬಾಯಿ ಮುಚ್ಚಿಕೊಂಡೆ.